ಈ ಅಲರ್ಟ್ ಯಾರದ್ದು? ಸರಿಯಾದ ಟೀಮಿಗೆ ತಲುಪಿಸುವ ದಾರಿ, ಹಂತ ಹಂತವಾಗಿ

2012ರ ಆಗಸ್ಟ್ 1ರ ಬೆಳಗ್ಗೆ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಕಂಪನಿಯ ಸಿಸ್ಟಮ್ ಒಂದು 8 ಗಂಟೆ ದಾಟುತ್ತಿದ್ದಂತೆ ತಾನಾಗಿಯೇ ಇಮೇಲ್ ಕಳಿಸತೊಡಗಿತು. ಮಾರುಕಟ್ಟೆ ತೆರೆಯುವುದು 9:30ಕ್ಕೆ. ಅಷ್ಟರೊಳಗೆ 97 ಇಮೇಲ್ ಹೋಗಿದ್ದವು. ತೊಂದರೆ ಮಾಡಲಿದ್ದ ಹಳೇ ಕೋಡಿನ ಹೆಸರು, ‘ಪವರ್ ಪೆಗ್’, ಅವುಗಳಲ್ಲೇ ಇತ್ತು. ಹೋದದ್ದು ಕಂಪನಿಯ ಒಂದಿಷ್ಟು ಸಿಬ್ಬಂದಿಗೆ, ಗುಂಪಾಗಿ. ಅವನ್ನು ಅಲರ್ಟ್, ಅಂದರೆ ತೊಂದರೆಯಾದಾಗ ಸಿಸ್ಟಮ್ ಕೊಡುವ ಎಚ್ಚರಿಕೆ, ಅಂತ ಯಾರೂ ರೂಪಿಸಿರಲಿಲ್ಲ, ಬಂದಾಗ ಸಿಬ್ಬಂದಿ ಸಾಮಾನ್ಯವಾಗಿ ತೆರೆದು ನೋಡುತ್ತಲೂ ಇರಲಿಲ್ಲ. ಮಾರುಕಟ್ಟೆ ತೆರೆದ 45 ನಿಮಿಷದಲ್ಲಿ 46 ಕೋಟಿ ಡಾಲರಿಗೂ ಜಾಸ್ತಿ ಹಣ ಹೋಯಿತು. ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿ 2013ರಲ್ಲಿ ಹೊರಡಿಸಿದ ಆದೇಶದಲ್ಲಿ ಇದೆಲ್ಲ ವಿವರವಾಗಿದೆ.

ಮಾಹಿತಿ ಇತ್ತು, ಮುಂಚೆಯೇ ಇತ್ತು, ಜನರ ಇನ್‌ಬಾಕ್ಸಿಗೂ ಬಂದಿತ್ತು. ‘ಇದು ನಿಮ್ಮದು, ಈಗಲೇ ನೋಡಿ’ ಅಂತ ಯಾರೊಬ್ಬರಿಗೂ ಅದು ಹೇಳಲಿಲ್ಲ, ಅಷ್ಟೇ. ನಮ್ಮ ಆಫೀಸುಗಳಲ್ಲಿ ಸಾವಿರ ಜನರಿರುವ ಒಂದು ‘ಅಲರ್ಟ್ಸ್’ ಚಾನೆಲ್ ಇರುತ್ತದಲ್ಲ, ಎಲ್ಲರೂ ಮ್ಯೂಟ್ ಮಾಡಿಟ್ಟಿರುವುದು? ಅದೂ ಇದೇ ಜಾತಿ.

ಅಲರ್ಟ್ ರೂಟಿಂಗ್ (ಯಾವ ಅಲರ್ಟ್ ಯಾವ ಟೀಮಿಗೆ ಅಂತ ದಾರಿ ತೋರಿಸುವುದು) ಅಂದ ಕೂಡಲೇ ಎಲ್ಲರೂ ಕಾನ್ಫಿಗ್ ಫೈಲ್, ಅಂದರೆ ಸೆಟ್ಟಿಂಗ್‌ಗಳ ಫೈಲ್, ತೆರೆಯುತ್ತಾರೆ. ನನ್ನ ಪ್ರಕಾರ ಅದು ಕೊನೇ ಕೆಲಸ. ಅಲರ್ಟ್ ಹುಟ್ಟುವ ಜಾಗದಲ್ಲೇ ಅದರ ಒಡೆಯ ಯಾರು ಅಂತ ಬರೆದಿರಬೇಕು. ಆಗ ಮುಂದಿನ ಕಾನ್ಫಿಗ್ ತೀರಾ ಸಪ್ಪೆಯಾಗಿರುತ್ತದೆ, ಹಾಗೇ ಇರಬೇಕು ಕೂಡ.

ಇಲ್ಲಿ ನಾನು ಸರ್ವಿಸ್‌ಗಳ ಅಳತೆ ತೆಗೆದು ಅಲರ್ಟ್ ಹುಟ್ಟಿಸುವ ಪ್ರೊಮಿಥಿಯಸ್ ಮತ್ತು ಆ ಅಲರ್ಟುಗಳನ್ನು ಹಂಚುವ ಅದರ ಜೊತೆಗಾರ ಅಲರ್ಟ್‌ಮ್ಯಾನೇಜರ್ ಎಂಬ ಟೂಲ್‌ಗಳನ್ನು ಇಟ್ಟುಕೊಂಡು ಹೇಳುತ್ತೇನೆ. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯೊಳಗೆ ಶುರುವಾದ ಪ್ರೊಮಿಥಿಯಸ್ ಈಗ ಕ್ಯುಬರ್ನೆಟಿಸ್ (ಅನೇಕ ಸರ್ವರ್‌ಗಳಲ್ಲಿ ಸರ್ವಿಸ್‌ಗಳನ್ನು ಓಡಿಸುವ ವ್ಯವಸ್ಥೆ) ಇರುವ ಕಡೆ ಸಾಮಾನ್ಯವಾಗಿ ಇರುತ್ತದೆ. ನೀವು ಬೇರೆ ಟೂಲ್ ಬಳಸುತ್ತಿದ್ದರೂ ಹಂತಗಳು ಹೆಚ್ಚುಕಮ್ಮಿ ಇವೇ. ಉದಾಹರಣೆಗೆ ಮನೆಗೆ ದಿನಸಿ ತಲುಪಿಸುವ ಒಂದು ಆ್ಯಪ್ ಇದೆ ಅಂದುಕೊಳ್ಳೋಣ. ಅದರಲ್ಲಿ ನಾಲ್ಕು ಟೀಮ್: ಆರ್ಡರ್, ಪೇಮೆಂಟ್, ಡೆಲಿವರಿ, ಪ್ಲಾಟ್‌ಫಾರ್ಮ್ (ಎಲ್ಲರೂ ಬಳಸುವ ಸರ್ವರ್, ಡೇಟಾಬೇಸ್ ನೋಡಿಕೊಳ್ಳುವವರು). ಸೆಟ್ಟಿಂಗ್ ಹೆಸರುಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ. ಫೈಲಿನಲ್ಲಿ ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ ಅನ್ನೋದು ನೆನಪಿರಲಿ.

ಹಂತ 1: ಮೊದಲು ಪಟ್ಟಿ ಮಾಡಿ

ಒಂದು ಶೀಟ್ ತೆರೆಯಿರಿ. ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ನಿಜಕ್ಕೂ ಬಳಸುವ ಕಡೆ, ಓಡುವ ಪ್ರತಿ ಸರ್ವಿಸ್‌ಗೂ ಒಂದು ಸಾಲು. ಪಕ್ಕದಲ್ಲಿ ನಾಲ್ಕು ವಿಷಯ ಬರೆಯಿರಿ: ಯಾವ ಟೀಮ್, ಹಗಲಲ್ಲಿ ಯಾವ ಚಾನೆಲ್, ರಾತ್ರಿ ಯಾವ ಆನ್‌ಕಾಲ್ ಪಾಳಿ (ಕರೆ ಬಂದರೆ ಎದ್ದು ನೋಡುವ ಸರದಿ), ಅವರು ಎತ್ತದಿದ್ದರೆ ಮುಂದೆ ಯಾರು.

ಮನುಷ್ಯರ ಹೆಸರು ಬರೆಯಬೇಡಿ. ಜನ ರಜೆ ಹಾಕುತ್ತಾರೆ, ಕೆಲಸ ಬಿಡುತ್ತಾರೆ, ಟೀಮ್ ಬದಲಿಸುತ್ತಾರೆ. ಟೀಮಿನ ಹೆಸರು ಬರೆಯಿರಿ. ಈ ವಾರ ಯಾರ ಪಾಳಿ ಅನ್ನೋದನ್ನು ಆನ್‌ಕಾಲ್ ಟೂಲ್ ನೋಡಿಕೊಳ್ಳಲಿ.

ಒಡೆಯ ಯಾರು ಅಂತ ತೀರ್ಮಾನಿಸುವಾಗ ‘ಈ ಕೋಡ್ ಬರೆದವರು ಯಾರು’ ಅಂತ ಕೇಳಿದರೆ ಜಗಳ ಶುರು. ಬದಲಿಗೆ ಹೀಗೆ ಕೇಳಿ: ರಾತ್ರಿ 2 ಗಂಟೆಗೆ ಇದನ್ನು ರೋಲ್‌ಬ್ಯಾಕ್ ಮಾಡುವ (ಹಳೇ ಆವೃತ್ತಿಗೆ ಮರಳಿಸುವ), ರೀಸ್ಟಾರ್ಟ್ ಮಾಡುವ ಆಕ್ಸೆಸ್ ಯಾರ ಕೈಲಿದೆ? ಆಕ್ಸೆಸ್ ಇಲ್ಲದವರನ್ನು ಎಬ್ಬಿಸಿ ಏನು ಪ್ರಯೋಜನ? ಅವರು ಇನ್ನೊಬ್ಬರನ್ನು ಎಬ್ಬಿಸುತ್ತಾರೆ, ಅಷ್ಟೇ.

ತಕರಾರು ಬರುವುದು ಎಲ್ಲರೂ ಹಂಚಿಕೊಂಡಿರುವ ಸಾಮಾನಿನಲ್ಲಿ. ಸರ್ವಿಸ್‌ಗಳ ನಡುವೆ ಮೆಸೇಜ್ ಸಾಗಿಸುವ ಕಾಫ್ಕಾ ತೆಗೆದುಕೊಳ್ಳಿ. ‘ಕಾಫ್ಕಾ ಅಲರ್ಟ್’ ಅಂದರೆ ಪ್ಲಾಟ್‌ಫಾರ್ಮ್ ಟೀಮಿನದ್ದು ಅಂತ ಸಾಮಾನ್ಯವಾಗಿ ಎಲ್ಲವನ್ನೂ ಅವರ ತಲೆಗೇ ಕಟ್ಟುತ್ತಾರೆ. ಸ್ವಲ್ಪ ಬಿಡಿಸಿ ನೋಡಿ. ಬ್ರೋಕರ್‌ನ (ಕಾಫ್ಕಾ ಸರ್ವರ್‌ನ) ಡಿಸ್ಕ್ ತುಂಬುತ್ತಿದ್ದರೆ ಅದು ಪ್ಲಾಟ್‌ಫಾರ್ಮ್‌ನದ್ದೇ, ಸರಿ. ಆದರೆ ಆರ್ಡರ್ ಸರ್ವಿಸ್‌ನ ಕನ್ಸ್ಯೂಮರ್ ಗ್ರೂಪ್ (ಮೆಸೇಜ್ ಓದುವ ಭಾಗ) ಹಿಂದೆ ಬಿದ್ದು ಲ್ಯಾಗ್, ಅಂದರೆ ಓದದೆ ಉಳಿದ ಮೆಸೇಜುಗಳ ಲೆಕ್ಕ, ಏರುತ್ತಿದ್ದರೆ? ಅದು ಆರ್ಡರ್ ಟೀಮಿನದ್ದು. ಅವರ ಕೋಡು ನಿಧಾನವಾಗಿದೆ, ಅಥವಾ ಒಂದು ಕೆಟ್ಟ ಮೆಸೇಜಿನ ಮೇಲೆ ಸಿಕ್ಕಿಹಾಕಿಕೊಂಡಿದೆ. ಪ್ಲಾಟ್‌ಫಾರ್ಮ್‌ನವರಿಗೆ ಅದನ್ನು ಬಿಡಿಸಲು ಬರುವುದಿಲ್ಲ. ಒಂದೇ ಟೂಲಿನಿಂದ ಬರುವ ಎರಡು ಅಲರ್ಟಿಗೆ ಇಬ್ಬರು ಒಡೆಯರು. ರೆಡಿಸ್, ಮೈಎಸ್‌ಕ್ಯುಎಲ್‌ನಂಥ ಡೇಟಾಬೇಸ್‌ಗಳಿಗೂ ಹೀಗೇ: ಸರ್ವರ್ ಸತ್ತರೆ ಪ್ಲಾಟ್‌ಫಾರ್ಮ್, ಕ್ವೆರಿ ಕೆಟ್ಟಿದ್ದರೆ ಆ ಕ್ವೆರಿ ಬರೆದ ಸರ್ವಿಸ್‌ನ ಟೀಮ್.

ಕೊನೆಗೆ ಯಾರೂ ಕೈ ಎತ್ತದ ಕೆಲವು ಅನಾಥ ಸರ್ವಿಸ್‌ಗಳು ಉಳಿಯುತ್ತವೆ. ಅವಕ್ಕೆ ಮ್ಯಾನೇಜರ್ ಕೂತಿರುವ ಮೀಟಿಂಗಿನಲ್ಲೇ ಒಡೆಯರನ್ನು ಗೊತ್ತುಮಾಡಿ. ಯಾರೂ ಒಪ್ಪದಿದ್ದರೆ ಅದರ ಅಲರ್ಟುಗಳನ್ನು ಅಳಿಸಿಬಿಡಿ, ಅಳಿಸಿದ್ದೇವೆ ಅಂತ ಬರೆದು ತಿಳಿಸಿ. ಕೇಳುವವರಿಲ್ಲದ ಅಲರ್ಟ್ ಇಟ್ಟುಕೊಂಡು ‘ನಮಗೆ ಮಾನಿಟರಿಂಗ್ ಇದೆ’ ಅಂದುಕೊಳ್ಳುವುದಕ್ಕಿಂತ ಅದು ವಾಸಿ.

ಹಂತ 2: ಎಬ್ಬಿಸಬೇಕೋ, ಬೆಳಗ್ಗೆವರೆಗೆ ಕಾಯಬಹುದೋ

ಸಿವಿಯರಿಟಿಗೆ (ತೊಂದರೆಯ ತೀವ್ರತೆಗೆ) ಐದಾರು ಮಟ್ಟ ಇಡುವ ಆಸೆ ಬರುತ್ತದೆ. ಬೇಡ. ಎರಡು ಸಾಕು: ‘ಪೇಜ್’ ಅಂದರೆ ಫೋನ್ ಹೊಡೆದು ಎಬ್ಬಿಸುವುದು, ‘ಟಿಕೆಟ್’ ಅಂದರೆ ಆಫೀಸ್ ಹೊತ್ತಿನಲ್ಲಿ ನೋಡುವುದು. ಇವೆರಡಕ್ಕೂ ಸೇರದ್ದು ಡ್ಯಾಶ್‌ಬೋರ್ಡಿನಲ್ಲಿರಲಿ, ಅಲರ್ಟ್ ಆಗಬೇಕಿಲ್ಲ. ‘ವಾರ್ನಿಂಗ್’ ಎಂಬ ಮಟ್ಟ ಇದ್ದರೆ ‘ಸುಮ್ನೆ ಇರಲಿ’ ಅನ್ನಿಸಿದ್ದೆಲ್ಲ ಅಲ್ಲಿಗೆ ಬಂದು ಬೀಳುತ್ತದೆ.

ಗೂಗಲ್‌ನ ಎಸ್‌ಆರ್‌ಇ (ಸಿಸ್ಟಮ್‌ಗಳು ಬೀಳದಂತೆ ನೋಡಿಕೊಳ್ಳುವ) ತಂಡಗಳು ಇಟ್ಟುಕೊಂಡ ಅಳತೆ ಹೀಗಿದೆ: 12 ಗಂಟೆಯ ಒಂದು ಪಾಳಿಗೆ ಹೆಚ್ಚೆಂದರೆ ಎರಡು ಇನ್ಸಿಡೆಂಟ್. ಅದಕ್ಕಿಂತ ಜಾಸ್ತಿಯಾದರೆ ಸರಿಪಡಿಸುವುದಕ್ಕೂ ಕಾರಣ ಹುಡುಕುವುದಕ್ಕೂ ಹೊತ್ತು ಸಾಲುವುದಿಲ್ಲ. ನಿಮ್ಮ ಟೀಮಿನ ಲೆಕ್ಕ ತೆಗೆದು ನೋಡಿ, ಮುಜುಗರ ಆದೀತು.

ಪೇಮೆಂಟ್ ಟೀಮಿನ ಉದಾಹರಣೆ ಹತ್ತಿರದಿಂದ ನೋಡೋಣ. ‘ಯುಪಿಐ ಪಾವತಿ ವಿಫಲ: ಶೇ 8’ ಅಂತ ಒಂದು ಅಲರ್ಟ್ ಇದೆ. ಇದು ಎಬ್ಬಿಸುವಂಥದ್ದೇ? ಹಾಗೇ ನೋಡಿದರೆ ಗೊತ್ತಾಗುವುದಿಲ್ಲ. ಯುಪಿಐ ನಡೆಸುವ ಎನ್‌ಪಿಸಿಐ ಲೆಕ್ಕದಲ್ಲಿ ಸೋತ ವಹಿವಾಟು ಎರಡು ಬಗೆ. ಗ್ರಾಹಕ ಪಿನ್ ತಪ್ಪು ಒತ್ತಿದ್ದು, ಖಾತೆಯಲ್ಲಿ ಹಣ ಇಲ್ಲದ್ದು, ಇವೆಲ್ಲ ಬಿಸಿನೆಸ್ ಡಿಕ್ಲೈನ್. ಬ್ಯಾಂಕಿನ ಅಥವಾ ಎನ್‌ಪಿಸಿಐನ ಸಿಸ್ಟಮ್ ಕೈಕೊಟ್ಟಿದ್ದು ಟೆಕ್ನಿಕಲ್ ಡಿಕ್ಲೈನ್. ಮೊದಲನೆಯದಕ್ಕೆ ಯಾರನ್ನೂ ಎಬ್ಬಿಸಬಾರದು, ಜನ ಪಿನ್ ಮರೆತರೆ ನಿಮ್ಮ ಎಂಜಿನಿಯರ್ ಏನು ಮಾಡಿಯಾರು? ಎರಡನೆಯದನ್ನು ಮತ್ತೆ ಒಡೆಯಿರಿ. ಒಂದೇ ಬ್ಯಾಂಕಿನಲ್ಲಿ ಮಾತ್ರ ಸೋಲುತ್ತಿದ್ದರೆ ಅದು ಟಿಕೆಟ್, ಆ್ಯಪಿನಲ್ಲಿ ‘ಈ ಬ್ಯಾಂಕಿನಲ್ಲಿ ತೊಂದರೆಯಿದೆ’ ಅಂತ ತೋರಿಸುವ ಕೆಲಸ ತಾನಾಗೇ ನಡೆಯುವ ಹಾಗೆ ಮಾಡಿಟ್ಟಿರಿ. ಎಲ್ಲಾ ಬ್ಯಾಂಕಿನಲ್ಲೂ ಒಟ್ಟಿಗೆ ಸೋಲುತ್ತಿದ್ದರೆ ತಪ್ಪು ನಿಮ್ಮ ಕಡೆ ಅಥವಾ ನಿಮ್ಮ ಗೇಟ್‌ವೇ (ಪಾವತಿಯನ್ನು ಬ್ಯಾಂಕಿಗೆ ಮುಟ್ಟಿಸುವ ಸೇವೆ) ಕಡೆ ಇರುವ ಸಾಧ್ಯತೆ ಜಾಸ್ತಿ. ಅದು ಪೇಜ್.

ಒಂದೇ ಅಲರ್ಟ್ ಮೂರಾಯಿತು. ಇಷ್ಟು ಬಿಡಿಸದೆ ಇದ್ದರೆ ಎಂಥಾ ಚಂದದ ರೂಟಿಂಗ್ ಮಾಡಿದರೂ ಪೇಮೆಂಟ್ ಟೀಮ್ ಅದನ್ನು ಮ್ಯೂಟ್ ಮಾಡುತ್ತದೆ.

ಹಂತ 3: ಒಡೆಯನ ಹೆಸರು ರೂಲಿನಲ್ಲೇ ಇರಲಿ

ಪ್ರೊಮಿಥಿಯಸ್‌ನ ಪ್ರತಿ ಅಲರ್ಟಿಂಗ್ ರೂಲಿಗೂ (ಅಲರ್ಟ್ ಯಾವಾಗ ಹೊರಡಬೇಕು ಅನ್ನುವ ನಿಯಮಕ್ಕೂ) ‘ಲೇಬಲ್ಸ್’ ಅಂತ ಒಂದು ಭಾಗ ಇದೆ. ಅಲ್ಲಿ ಮೂರು ಲೇಬಲ್ ಕಡ್ಡಾಯ ಮಾಡಿ: ಟೀಮ್, ಸರ್ವಿಸ್, ಸಿವಿಯರಿಟಿ. ಎನ್ವಿರಾನ್‌ಮೆಂಟ್ (ಪ್ರೊಡಕ್ಷನ್ನೋ, ಪರೀಕ್ಷೆಯದ್ದೋ) ಮತ್ತು ಕ್ಲಸ್ಟರ್ (ಸರ್ವರ್‌ಗಳ ಗುಂಪು) ಹೆಸರು ಪ್ರೊಮಿಥಿಯಸ್‌ನ ‘ಎಕ್ಸ್‌ಟರ್ನಲ್ ಲೇಬಲ್ಸ್’ನಿಂದ ತಾನಾಗಿ ಸೇರಿಕೊಳ್ಳಲಿ, ಪ್ರತಿ ರೂಲಿನಲ್ಲೂ ಬರೆಯುವ ಕಷ್ಟ ಬೇಡ. ಸಮ್ಮರಿ, ರನ್‌ಬುಕ್ (ಸರಿಪಡಿಸುವ ಹಂತಗಳ ಟಿಪ್ಪಣಿ) ಲಿಂಕ್, ಈಗಿನ ಸಂಖ್ಯೆ, ಇವೆಲ್ಲ ‘ಅನೋಟೇಶನ್ಸ್’ ಭಾಗಕ್ಕೆ.

ಇಲ್ಲಿ ಎರಡು ಗುಂಡಿಗಳಿವೆ.

ಮೊದಲನೆಯದು: ಟೀಮ್ ಲೇಬಲ್ ಮೆಟ್ರಿಕ್‌ನಲ್ಲಿ (ಸರ್ವಿಸ್‌ನಿಂದ ಎತ್ತುವ ಅಳತೆಯಲ್ಲಿ) ಇದೆ, ಹಾಗಾಗಿ ಅಲರ್ಟಿನಲ್ಲೂ ಬರುತ್ತದೆ ಅಂತ ನಂಬುವುದು. ರೂಲಿನಲ್ಲಿ ‘ಸಮ್ ಬೈ ಸರ್ವಿಸ್’ ಅಂತ ಕೂಡಿಸಿದ ತಕ್ಷಣ ಸರ್ವಿಸ್ ಬಿಟ್ಟು ಉಳಿದ ಲೇಬಲ್ ಎಲ್ಲ ಉದುರಿಹೋಗುತ್ತವೆ. ಅಲರ್ಟ್ ಹೊರಟಾಗ ಟೀಮ್ ಇರುವುದೇ ಇಲ್ಲ. ರೂಲಿನ ಲೇಬಲ್ ಭಾಗದಲ್ಲಿ ಕೈಯಾರೆ ಬರೆದರೆ ಈ ರಗಳೆ ಇಲ್ಲ.

ಎರಡನೆಯದು: ಬದಲಾಗುವ ಸಂಖ್ಯೆಯನ್ನು ಲೇಬಲ್‌ನಲ್ಲಿ ಹಾಕುವುದು. ಲೇಬಲ್‌ಗಳೇ ಅಲರ್ಟಿನ ಗುರುತು. ಈಗ ಶೇ 91, ಮುಂದಿನ ನಿಮಿಷ ಶೇ 92 ಅಂತ ಲೇಬಲ್ ಬದಲಾದರೆ ಪ್ರೊಮಿಥಿಯಸ್ ಪಾಲಿಗೆ ಅದು ಪ್ರತಿಸಲವೂ ಹೊಸ ಅಲರ್ಟ್. ‘ಫಾರ್: 5 ನಿಮಿಷ’ (ತೊಂದರೆ 5 ನಿಮಿಷ ಉಳಿದರೆ ಮಾತ್ರ ಅಲರ್ಟ್ ಕಳಿಸು) ಅಂತ ಕೊಟ್ಟಿದ್ದರೆ ಆ ಐದು ನಿಮಿಷ ಎಂದೂ ತುಂಬುವುದಿಲ್ಲ, ಅಲರ್ಟ್ ಹೊರಡುವುದೇ ಇಲ್ಲ. ರೂಲ್ ನೋಡಲು ಸರಿಯಾಗೇ ಕಾಣುವುದರಿಂದ ಇದನ್ನು ಹಿಡಿಯುವುದು ಕಷ್ಟ.

ಟೀಮ್ ಲೇಬಲ್ ಇಲ್ಲದ ರೂಲ್ ಮರ್ಜ್ ಆಗದ ಹಾಗೆ ಸಿಐನಲ್ಲಿ (ಕೋಡ್ ಸೇರಿಸುವ ಮುಂಚೆ ತಾನಾಗಿ ನಡೆಯುವ ತಪಾಸಣೆಯಲ್ಲಿ) ತಡೆ ಹಾಕಿ. ಪ್ರೊಮಿಥಿಯಸ್ ಜೊತೆಗೆ ಬರುವ ಪ್ರೊಮ್‌ಟೂಲ್ ರೂಲಿನ ವ್ಯಾಕರಣ ನೋಡುತ್ತದೆ, ಲೇಬಲ್ ಕಡ್ಡಾಯ ಮಾಡಲು ಕ್ಲೌಡ್‌ಫ್ಲೇರ್‌ನವರು ಬಿಟ್ಟಿರುವ ಪಿಂಟ್ ಎಂಬ ಟೂಲ್ ಇದೆ. ಇಪ್ಪತ್ತು ಸಾಲಿನ ಸ್ವಂತ ಸ್ಕ್ರಿಪ್ಟ್ ಆದರೂ ನಡೆಯುತ್ತದೆ. ಲೇಬಲ್‌ನಲ್ಲಿರುವ ಹೆಸರು ಹಂತ 1ರ ಶೀಟಿನಲ್ಲಿ ಇದೆಯೇ ಅಂತಲೂ ಅದೇ ಸ್ಕ್ರಿಪ್ಟ್ ನೋಡಲಿ. ‘ಪೇಮೆಂಟ್’ ಒಂದು ಕಡೆ, ‘ಪೇಮೆಂಟ್ಸ್’ ಇನ್ನೊಂದು ಕಡೆ ಬರೆದು ಅಲರ್ಟ್ ಕಳೆದುಕೊಳ್ಳುವುದು ತೀರಾ ಮಾಮೂಲಿ.

ಹಂತ 4: ರೂಟಿಂಗ್ ಮರ

ಅಲರ್ಟ್‌ಮ್ಯಾನೇಜರ್‌ನ ಫೈಲಿನಲ್ಲಿ ಎಲ್ಲಕ್ಕೂ ಮೇಲೆ ಒಂದೇ ರೂಟ್ ಇರುತ್ತದೆ. ಅದಕ್ಕೆ ಷರತ್ತು ಹಾಕುವಂತಿಲ್ಲ, ಎಲ್ಲ ಅಲರ್ಟೂ ಅದರೊಳಗೆ ಬರುತ್ತದೆ. ಅಲ್ಲಿಂದ ಕೆಳಗಿನ ಕವಲುಗಳನ್ನು ಬರೆದ ಕ್ರಮದಲ್ಲೇ ಒಂದೊಂದಾಗಿ ಹೋಲಿಸುತ್ತಾ ಹೋಗುತ್ತದೆ. ಮೊದಲು ಹೊಂದಿದ ಕವಲಿಗೆ ಇಳಿದರೆ ಮುಂದಿನವನ್ನು ನೋಡುವುದಿಲ್ಲ. ‘ಕಂಟಿನ್ಯೂ: ಟ್ರೂ’ ಅಂತ ಹಾಕಿದ್ದರೆ ಮಾತ್ರ ಮುಂದಿನದ್ದನ್ನೂ ನೋಡುತ್ತದೆ. ಕವಲಿನ ಒಳಗಿನ ಉಪಕವಲು ಯಾವುದೂ ಹೊಂದದಿದ್ದರೆ ಆ ಕವಲಿನ ರಿಸೀವರ್‌ಗೇ (ಸೂಚನೆ ಪಡೆಯುವ ಚಾನೆಲ್, ಟಿಕೆಟ್ ಸಾಲು ಅಥವಾ ಆನ್‌ಕಾಲ್‌ಗೆ) ಅಲರ್ಟ್ ಹೋಗುತ್ತದೆ. ಇದಿಷ್ಟು ಅರ್ಥವಾದರೆ ಮುಕ್ಕಾಲು ಪಾಲು ಮುಗಿಯಿತು.

ನಮ್ಮ ದಿನಸಿ ಆ್ಯಪಿಗೆ ಮರ ಹೀಗೆ ಬರೆಯಬಹುದು:

1. ಮೊದಲ ಕವಲು: ಎನ್ವಿರಾನ್‌ಮೆಂಟ್ ಪ್ರೊಡಕ್ಷನ್ ಅಲ್ಲದ್ದೆಲ್ಲ ಇಲ್ಲಿಗೆ. ಒಂದು ಚಾನೆಲ್, ಫೋನ್ ಇಲ್ಲ. ಇದು ಮೊದಲೇ ಇರಬೇಕು, ಇಲ್ಲದಿದ್ದರೆ ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆ ಇಟ್ಟ ನಕಲಿನಲ್ಲಿ) ಯಾರೋ ಲೋಡ್ ಟೆಸ್ಟ್ ಮಾಡಿ ಪೇಮೆಂಟ್ ಟೀಮನ್ನು ಎಬ್ಬಿಸುತ್ತಾರೆ.
2. ಟೀಮ್ = ಪೇಮೆಂಟ್. ರಿಸೀವರ್ ಅವರ ಟಿಕೆಟ್ ಸಾಲು. ಒಳಗೆ ಒಂದೇ ಉಪಕವಲು: ಸಿವಿಯರಿಟಿ = ಪೇಜ್ ಆದರೆ ಅವರ ಆನ್‌ಕಾಲ್.
3. ಆರ್ಡರ್, ಡೆಲಿವರಿ, ಪ್ಲಾಟ್‌ಫಾರ್ಮ್‌ಗೂ ಇದೇ ಅಚ್ಚು.
4. ಯಾವುದಕ್ಕೂ ಹೊಂದದ್ದು ಮೇಲಿನ ರೂಟಿನ ರಿಸೀವರ್‌ಗೆ.

ಟೀಮ್ ಮೊದಲು, ಸಿವಿಯರಿಟಿ ಆಮೇಲೆ. ಉಲ್ಟಾ ಬರೆಯುವವರೂ ಇದ್ದಾರೆ: ಮೇಲೆ ಪೇಜ್, ಟಿಕೆಟ್ ಅಂತ ಎರಡು ದೊಡ್ಡ ಕವಲು, ಒಳಗೆ ಟೀಮುಗಳು. ಕೆಲಸ ಎರಡೂ ಮಾಡುತ್ತವೆ. ಆದರೆ ಉಲ್ಟಾ ಬರೆದರೆ ಹೊಸ ಟೀಮ್ ಬಂದಾಗ ಎರಡು ಕಡೆ ಸೇರಿಸಬೇಕು, ಒಂದು ಕಡೆ ಮರೆತೇ ಮರೆಯುತ್ತಾರೆ.

ಕಂಟಿನ್ಯೂ ಬಳಸುವುದನ್ನು ಆದಷ್ಟು ಕಡಿಮೆ ಮಾಡಿ. ಎಲ್ಲ ಪೇಜ್‌ಗಳ ನಕಲು ಒಂದು ದಾಖಲೆ ಚಾನೆಲ್‌ಗೆ ಹೋಗಲಿ ಅನ್ನುವಂಥ ಒಂದೆರಡು ಕಡೆ ಸರಿ. ಹತ್ತು ಕಡೆ ಬಂದರೆ ಯಾವ ಅಲರ್ಟ್ ಎಲ್ಲೆಲ್ಲಿಗೆ ಹೋಗುತ್ತದೆ ಅಂತ ತಲೆಯಲ್ಲಿ ಲೆಕ್ಕ ಹಾಕಲು ಆಗುವುದಿಲ್ಲ.

ಇನ್ನು ಕೊನೆಯ ಆ ಹೊಂದದ ಅಲರ್ಟುಗಳು. ಇದನ್ನು ಯಾರೂ ನೋಡದ ಇಮೇಲ್ ಪಟ್ಟಿಗೆ ಕಟ್ಟುವುದು ವಾಡಿಕೆ. ನೈಟ್ ಕ್ಯಾಪಿಟಲ್‌ನ 97 ಇಮೇಲ್ ಆದದ್ದೇ ಹಾಗೆ. ನೀವು ಅದನ್ನು ಒಂದು ನಿಜವಾದ ಟೀಮಿಗೆ, ಸಾಮಾನ್ಯವಾಗಿ ಪ್ಲಾಟ್‌ಫಾರ್ಮ್‌ನ ಆನ್‌ಕಾಲ್‌ಗೆ ಕಟ್ಟಿ. ಅವರು ಬೈದುಕೊಳ್ಳುತ್ತಾರೆ. ಬೈದುಕೊಂಡರೇ ಲೇಬಲ್ ಇಲ್ಲದ ರೂಲುಗಳು ಬೇಗ ಸರಿಯಾಗುವುದು. ವಾರಕ್ಕೆ ಎಷ್ಟು ಅಲ್ಲಿ ಬಿದ್ದವು ಅಂತ ಎಣಿಸಿ, ಆ ಸಂಖ್ಯೆ ಸೊನ್ನೆಯಾಗಬೇಕು.

ಹಂತ 5: ನಲವತ್ತು ಫೋನ್ ಬೇಡ, ಒಂದು ಸಾಕು

ಡೇಟಾಬೇಸ್ ಬಿದ್ದಾಗ ನಲವತ್ತು ಪಾಡ್‌ಗಳು (ಓಡುತ್ತಿರುವ ಸರ್ವಿಸ್‌ನ ಪ್ರತಿಗಳು) ಒಟ್ಟಿಗೆ ಕಿರುಚುತ್ತವೆ. ‘ಗ್ರೂಪ್ ಬೈ’ನಲ್ಲಿ ಅಲರ್ಟ್ ಹೆಸರು, ಕ್ಲಸ್ಟರ್, ಸರ್ವಿಸ್ ಕೊಟ್ಟರೆ ಅವೆಲ್ಲ ಸೇರಿ ಒಂದೇ ಸೂಚನೆಯಾಗುತ್ತವೆ. ಪಾಡ್ ಅಥವಾ ಇನ್‌ಸ್ಟೆನ್ಸ್ ಹೆಸರನ್ನು ಅದರಲ್ಲಿ ಸೇರಿಸಬೇಡಿ, ಮತ್ತೆ ನಲವತ್ತಾಗುತ್ತದೆ. ಮೂರು ಚುಕ್ಕಿ ಕೊಟ್ಟರೆ ಗುಂಪು ಮಾಡುವುದೇ ನಿಂತುಹೋಗುತ್ತದೆ.

ಸಮಯದ ಸೆಟ್ಟಿಂಗ್ ಮೂರು. ‘ಗ್ರೂಪ್ ವೇಟ್’ ಅಂದರೆ ಮೊದಲ ಸೂಚನೆ ಕಳಿಸುವ ಮುಂಚೆ ಜೊತೆಗಾರರಿಗಾಗಿ ಕಾಯುವುದು, ಬದಲಿಸದಿದ್ದರೆ 30 ಸೆಕೆಂಡ್. ‘ಗ್ರೂಪ್ ಇಂಟರ್ವಲ್’ ಅಂದರೆ ಅದೇ ಗುಂಪಿಗೆ ಹೊಸದು ಸೇರಿದಾಗ ಮತ್ತೆ ತಿಳಿಸುವ ಮುಂಚಿನ ಅಂತರ, 5 ನಿಮಿಷ. ‘ರಿಪೀಟ್ ಇಂಟರ್ವಲ್’ ಅಂದರೆ ಏನೂ ಬದಲಾಗದಿದ್ದರೂ ನೆನಪಿಸುವುದು, 4 ಗಂಟೆ.

ಒಂದು ಲೆಕ್ಕ ಹಾಕಿ ನೋಡಿ. ಪ್ರೊಮಿಥಿಯಸ್‌ನಲ್ಲಿ ಏನೂ ಬದಲಿಸದಿದ್ದರೆ ಮೆಟ್ರಿಕ್ ಎತ್ತುವುದು 1 ನಿಮಿಷಕ್ಕೊಮ್ಮೆ, ರೂಲ್ ಪರೀಕ್ಷಿಸುವುದೂ 1 ನಿಮಿಷಕ್ಕೊಮ್ಮೆ. ಮೇಲೆ ‘ಫಾರ್’ 5 ನಿಮಿಷ, ಗ್ರೂಪ್ ವೇಟ್ ಅರ್ಧ ನಿಮಿಷ. ತೊಂದರೆ ಶುರುವಾಗಿ ಫೋನ್ ಹೊಡೆಯುವ ಹೊತ್ತಿಗೆ ಏಳೂವರೆ ನಿಮಿಷ ಆಗಿರಬಹುದು. ಆನ್‌ಕಾಲ್‌ನವರು 5 ನಿಮಿಷದಲ್ಲಿ ಎತ್ತಬೇಕು ಅಂತ ಒತ್ತಾಯಿಸುವ ಮುಂಚೆ ಈ ಏಳೂವರೆಯನ್ನು ಮೂರಕ್ಕೆ ಇಳಿಸಬಹುದೇ ಅಂತ ನೋಡಿ.

ಹಂತ 6: ಇನ್ಹಿಬಿಶನ್, ಹುಷಾರಾಗಿ

ಇಡೀ ಕ್ಲಸ್ಟರ್ ಬಿದ್ದಿದೆ ಅಂತ ಗೊತ್ತಾದ ಮೇಲೆ ಅದರೊಳಗಿನ ಪ್ರತಿ ಸರ್ವಿಸ್ ಬಿದ್ದಿದೆ ಅಂತ ಬೇರೆ ಬೇರೆ ಹೇಳಬೇಕಿಲ್ಲ, ಅಲ್ವಾ? ಅದಕ್ಕೆ ಇನ್ಹಿಬಿಶನ್ ರೂಲ್: ಈ ಅಲರ್ಟ್ ಉರಿಯುತ್ತಿದ್ದರೆ ಆ ಅಲರ್ಟುಗಳ ಸೂಚನೆ ತಡೆ. ‘ಈಕ್ವಲ್’ ಎಂಬ ಪಟ್ಟಿಯಲ್ಲಿ ಎರಡೂ ಕಡೆ ಒಂದೇ ಇರಬೇಕಾದ ಲೇಬಲ್ ಕೊಡುತ್ತೇವೆ, ಉದಾಹರಣೆಗೆ ಕ್ಲಸ್ಟರ್.

ಇದರಲ್ಲಿ ಒಂದು ಅಪಾಯ ಅಡಗಿದೆ. ಈಕ್ವಲ್‌ನಲ್ಲಿ ಬರೆದ ಲೇಬಲ್ ಎರಡೂ ಅಲರ್ಟಿನಲ್ಲಿ ಇಲ್ಲದೇ ಹೋದರೆ? ಅಲರ್ಟ್‌ಮ್ಯಾನೇಜರ್ ‘ಎರಡೂ ಖಾಲಿ, ಅಂದರೆ ಸಮ’ ಅಂದುಕೊಂಡು ತಡೆದುಬಿಡುತ್ತದೆ. ಕ್ಲಸ್ಟರ್ ಲೇಬಲ್ ಹಾಕಲು ಮರೆತ ಒಂದು ಅಲರ್ಟ್, ಹಾಗೇ ಮರೆತ ಇನ್ನೊಂದನ್ನು ಬಾಯಿ ಮುಚ್ಚಿಸುತ್ತದೆ.

ಟೀಮ್ ದಾಟಿ ತಡೆಯುವುದನ್ನು ನಾನು ಒಪ್ಪುವುದಿಲ್ಲ. ಡೇಟಾಬೇಸ್ ಬಿದ್ದಿದೆ, ಹಾಗಾಗಿ ಪೇಮೆಂಟ್ ಟೀಮಿಗೆ ಹೇಳಬೇಡ ಅಂತ ಬರೆದರೆ ಪೇಮೆಂಟ್‌ನವರಿಗೆ ತಮ್ಮ ಗ್ರಾಹಕರು ಪರದಾಡುತ್ತಿರುವುದೇ ಗೊತ್ತಾಗುವುದಿಲ್ಲ. ಹಣ ಕಟ್ ಆಗಿ ಆರ್ಡರ್ ಆಗದವರಿಗೆ ರೀಫಂಡ್ ಕೊಡುವವರು ಅವರೇ ತಾನೇ? ಅವರನ್ನು ಎಬ್ಬಿಸಿ.

ಸೈಲೆನ್ಸ್ (ಅಲರ್ಟಿನ ಸೂಚನೆಯನ್ನು ಸ್ವಲ್ಪ ಹೊತ್ತು ನಿಲ್ಲಿಸುವುದು) ಬಗ್ಗೆ ಎರಡೇ ಮಾತು: ಮುಗಿಯುವ ಸಮಯ ಚಿಕ್ಕದಿರಲಿ, ಯಾಕೆ ಅಂತ ಕಾಮೆಂಟಿನಲ್ಲಿ ಬರೆಯಿರಿ. ‘ಟೀಮ್ = ಆರ್ಡರ್’ ಅಂತ ಇಡೀ ಟೀಮನ್ನೇ ಮೌನ ಮಾಡುವ ಸೈಲೆನ್ಸ್ ಕಂಡರೆ ತಕ್ಷಣ ಕೇಳಿ.

ಹಂತ 7: ಫೋನ್ ನಿಜವಾಗಿ ಹೊಡೆಯಬೇಕು

ಅಲರ್ಟ್‌ಮ್ಯಾನೇಜರ್ ಸೂಚನೆ ಕಳಿಸುತ್ತದೆ, ಅಷ್ಟೇ. ಯಾರು ಎತ್ತಿದರು, ಎತ್ತದಿದ್ದರೆ ಮುಂದೆ ಯಾರು ಅನ್ನೋದು ಅದಕ್ಕೆ ಗೊತ್ತಿಲ್ಲ. ಅದಕ್ಕೆ ಪೇಜರ್‌ಡ್ಯೂಟಿಯಂಥ ಆನ್‌ಕಾಲ್ ಟೂಲ್ ಬೇಕು. ಹೊಸದಾಗಿ ಆರಿಸುತ್ತಿದ್ದರೆ ಎರಡು ವಿಷಯ ಗಮನದಲ್ಲಿರಲಿ. ಆಪ್ಸ್‌ಜೀನಿ ಎಂಬ ಆನ್‌ಕಾಲ್ ಟೂಲನ್ನು ಅದರ ಕಂಪನಿ ಅಟ್ಲಾಸಿಯನ್ 2025ರ ಜೂನ್‌ನಿಂದ ಹೊಸಬರಿಗೆ ಮಾರುವುದು ನಿಲ್ಲಿಸಿದೆ, 2027ರ ಏಪ್ರಿಲ್‌ಗೆ ಬೆಂಬಲ ಮುಗಿಸುವುದಾಗಿ ಹೇಳಿದೆ. ಗ್ರಫಾನಾ ಆನ್‌ಕಾಲ್‌ನ ಓಪನ್‌ಸೋರ್ಸ್ ಆವೃತ್ತಿ 2025ರ ಮಾರ್ಚ್‌ನಲ್ಲೇ ಮೇಂಟೆನೆನ್ಸ್‌ಗೆ ಹೋಯಿತು, ಅಂದರೆ ಹೊಸ ಫೀಚರ್ ಸೇರಿಸುವುದು ನಿಂತಿತು. ಹಳೇ ಬ್ಲಾಗ್ ಓದಿ ಇವನ್ನು ಹಾಕಿಕೊಳ್ಳಬೇಡಿ.

ಎಸ್ಕಲೇಶನ್ ಸರಳವಾಗಿರಲಿ. ಮೊದಲ ಆನ್‌ಕಾಲ್, 5 ನಿಮಿಷ ಎತ್ತದಿದ್ದರೆ ಎರಡನೆಯವರು, ಇನ್ನೂ 10 ನಿಮಿಷ ಎತ್ತದಿದ್ದರೆ ಟೀಮ್ ಲೀಡ್.

ನಮ್ಮ ದೇಶದಲ್ಲಿ ಕೂತು ಆನ್‌ಕಾಲ್ ಮಾಡುವವರು ಎಸ್‌ಎಂಎಸ್ ಒಂದನ್ನೇ ನಂಬಬೇಡಿ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದ ಪ್ರಕಾರ ಕಂಪನಿಗಳು ಕಳಿಸುವ ಮೆಸೇಜಿನ ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ (ಮೆಸೇಜಿನ ಅಚ್ಚು) ಎಲ್ಲ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಣಿ ಆಗಿರಬೇಕು. 2021ರ ಮಾರ್ಚ್ 8ರಂದು ಈ ತಪಾಸಣೆ ಬಿಗಿ ಮಾಡಿದಾಗ ದೇಶದಾದ್ಯಂತ ಒಟಿಪಿಗಳೇ ಬಾರದೆ ಒಂದು ವಾರದ ಮಟ್ಟಿಗೆ ಅದನ್ನು ತಡೆಹಿಡಿಯಬೇಕಾಯಿತು. ಒಟಿಪಿಗೇ ಈ ಗತಿಯಾದರೆ ನಿಮ್ಮ ಅಲರ್ಟಿನ ಮೆಸೇಜ್ ಕೇಳಬೇಕೆ? ಆ್ಯಪ್ ನೋಟಿಫಿಕೇಶನ್ ಮತ್ತು ವಾಯ್ಸ್ ಕಾಲ್ ಎರಡನ್ನೂ ಇಟ್ಟುಕೊಳ್ಳಿ. ಕೆಲವು ಆಂಡ್ರಾಯ್ಡ್ ಫೋನ್‌ಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಕೊಂದುಬಿಡುತ್ತವೆ, ಆ ಪಟ್ಟಿಯಿಂದ ಆನ್‌ಕಾಲ್ ಆ್ಯಪನ್ನು ಹೊರಗಿಡಿ. ಟೂಲ್ ಕರೆ ಮಾಡುವ ನಂಬರುಗಳನ್ನು ಕಾಂಟ್ಯಾಕ್ಟ್‌ನಲ್ಲಿ ಸೇವ್ ಮಾಡಿ, ಡು ನಾಟ್ ಡಿಸ್ಟರ್ಬ್ ಇದ್ದರೂ ಹೊಡೆಯುವ ಹಾಗೆ ಮಾಡಿ. ವಿದೇಶಿ ನಂಬರ್ ಅಂತ ಸ್ಪ್ಯಾಮ್ ಗುರುತು ಬಿದ್ದು ಕರೆ ಕಟ್ ಮಾಡುವವರು ಬೇಕಾದಷ್ಟು ಜನ.

ಬೆಂಗಳೂರು ಹಾಗೂ ಅಮೆರಿಕದ ನಡುವೆ ಪಾಳಿ ಹಂಚಿಕೊಂಡಿದ್ದರೆ ಇನ್ನೊಂದು ತೊಡಕು. ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೆ ತಿರುಗಿಸುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ. ನಾವು ತಿರುಗಿಸುವುದಿಲ್ಲ. ಆ ಎರಡು ದಿನಗಳಿಂದ ಪಾಳಿ ಬದಲಾಗುವ ಹೊತ್ತು ಒಂದು ಗಂಟೆ ಸರಿಯುತ್ತದೆ. ಒಂದು ಗಂಟೆ ಇಬ್ಬರೂ ಆನ್‌ಕಾಲ್ ಆಗಬಹುದು, ಅಥವಾ ಇಬ್ಬರೂ ಇಲ್ಲದಿರಬಹುದು. ಕ್ಯಾಲೆಂಡರ್‌ನಲ್ಲಿ ಮುಂಚೆಯೇ ನೋಡಿಡಿ. ಅಲರ್ಟ್‌ಮ್ಯಾನೇಜರ್‌ನ ‘ಟೈಮ್ ಇಂಟರ್ವಲ್ಸ್’ (ಯಾವ ಹೊತ್ತಿನಲ್ಲಿ ಸೂಚನೆ ಕಳಿಸಬೇಕು ಅನ್ನುವ ಸೆಟ್ಟಿಂಗ್) ಬಳಸುವಾಗಲೂ ಅಷ್ಟೇ: ಏನೂ ಹೇಳದಿದ್ದರೆ ಅದು ಯುಟಿಸಿ ಲೆಕ್ಕ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ‘ಲೊಕೇಶನ್’ನಲ್ಲಿ ಏಷ್ಯಾ/ಕೋಲ್ಕತಾ ಅಂತ ಕೊಡಿ. ಇಲ್ಲದಿದ್ದರೆ 9ರಿಂದ 6 ಅಂತ ಬರೆದದ್ದು ಇಲ್ಲಿ ಮಧ್ಯಾಹ್ನ 2:30ರಿಂದ ರಾತ್ರಿ 11:30 ಆಗುತ್ತದೆ.

ಹಂತ 8: ತಪ್ಪು ಟೀಮಿಗೆ ಬಂದರೆ

ಎಷ್ಟೇ ಮಾಡಿದರೂ ತಪ್ಪುತ್ತದೆ. ಡೆಲಿವರಿ ಟೀಮಿನವರನ್ನು ಎಬ್ಬಿಸಿದೆ, ನೋಡಿದರೆ ತೊಂದರೆ ಆರ್ಡರ್‌ನವರದ್ದು. ಆಗ ಚಾಟಿನಲ್ಲಿ ‘ನಮ್ಮದಲ್ಲ’ ಅಂತ ಬರೆದು ಮಲಗುವಂತಿಲ್ಲ. ನಿಯಮ ಒಂದೇ: ಎದುರಿನವರು ಅಕ್ನಾಲೆಜ್ ಮಾಡುವವರೆಗೂ (ನಾವು ನೋಡುತ್ತೇವೆ ಅಂತ ಒಪ್ಪುವವರೆಗೂ) ಅದು ನಿಮ್ಮದೇ. ಟೂಲಿನೊಳಗೇ ಆರ್ಡರ್ ಟೀಮಿಗೆ ರೀಅಸೈನ್ ಮಾಡಿ, ಒಂದು ಸಾಲು ಬರೆಯಿರಿ: ‘ಡೆಲಿವರಿ ಸ್ಲಾಟ್ ಸಿಗುತ್ತಿಲ್ಲ, ಕಾರಣ ಆರ್ಡರ್ ಎಪಿಐ 2:10ರಿಂದ 500 ಎರರ್ ಕೊಡುತ್ತಿದೆ, ನಮ್ಮ ಕಡೆ ಡಿಪ್ಲಾಯ್ ಏನೂ ಆಗಿಲ್ಲ.’ ಇಷ್ಟಿದ್ದರೆ ಎದ್ದವರಿಗೆ ಹತ್ತು ನಿಮಿಷ ಉಳಿಯುತ್ತದೆ.

ಯಾರದ್ದು ಅಂತ ಎರಡು ಟೀಮಿಗೂ ಗೊತ್ತಾಗದಿದ್ದರೆ ಇನ್ಸಿಡೆಂಟ್ ಅಂತ ಘೋಷಿಸಿ, ಒಬ್ಬರು ಕಮಾಂಡರ್ ಆಗಲಿ. ಅಲ್ಲಿಂದ ಯಾರನ್ನು ಎಬ್ಬಿಸಬೇಕು ಅಂತ ಅವರೊಬ್ಬರೇ ಹೇಳಲಿ. ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿದರೆ ಕರೆಯಲ್ಲಿ ಮೂವತ್ತು ಜನ ಸೇರುತ್ತಾರೆ, ಇಪ್ಪತ್ತೆಂಟು ಜನ ಮ್ಯೂಟಿನಲ್ಲಿರುತ್ತಾರೆ.

ಮರುದಿನ ಮೊದಲ ಕೆಲಸ, ಆ ಅಲರ್ಟಿನ ಲೇಬಲ್ ತಿದ್ದುವುದು. ದೊಡ್ಡ ಪೋಸ್ಟ್‌ಮಾರ್ಟೆಮ್ ವರದಿಗೆ ಕಾಯಬೇಡಿ.

ಹಂತ 9: ಪರೀಕ್ಷೆ

ಆಮ್‌ಟೂಲ್ ಎಂಬ ಕಮಾಂಡ್ ಅಲರ್ಟ್‌ಮ್ಯಾನೇಜರ್ ಜೊತೆಗೇ ಬರುತ್ತದೆ. ಅದರ ‘ಕಾನ್ಫಿಗ್ ರೂಟ್ಸ್ ಟೆಸ್ಟ್’ಗೆ ಟೀಮ್ = ಪೇಮೆಂಟ್, ಸಿವಿಯರಿಟಿ = ಪೇಜ್ ಅಂತ ಲೇಬಲ್ ಕೊಟ್ಟರೆ ಯಾವ ರಿಸೀವರ್‌ಗೆ ಹೋಗುತ್ತದೆ ಅಂತ ಹೇಳುತ್ತದೆ. ಇಂತಿಂಥ ರಿಸೀವರ್‌ಗೇ ಹೋಗಬೇಕು ಅಂತ ಮೊದಲೇ ಹೇಳಿ, ತಪ್ಪಿದರೆ ಫೇಲ್ ಮಾಡಿಸಲೂಬಹುದು. ಪ್ರತಿ ಟೀಮಿಗೆ ಎರಡೆರಡು ಸಾಲು ಬರೆದು ಸಿಐಗೆ ಹಾಕಿ.

ಆದರೆ ಕಾನ್ಫಿಗ್ ಸರಿ ಇದ್ದ ಮಾತ್ರಕ್ಕೆ ಸೂಚನೆ ತಲುಪುತ್ತದೆ ಅಂತಲ್ಲ. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಗಿಟ್‌ಲ್ಯಾಬ್‌ನಲ್ಲಿ ಡೇಟಾಬೇಸ್ ಅಳಿಸಿಹೋದಾಗ ಬ್ಯಾಕಪ್‌ಗಳು ಬಹಳ ಮುಂಚೆಯೇ ಫೇಲ್ ಆಗುತ್ತಿದ್ದುದು ಗೊತ್ತಾಯಿತು. ಫೇಲ್ ಆದಾಗ ಇಮೇಲ್ ಹೋಗುತ್ತಿತ್ತು. ಆದರೆ ಡಿಮಾರ್ಕ್ (ಇಮೇಲ್ ಅಸಲಿಯೇ ಅಂತ ನೋಡುವ ವಿಧಾನ) ಪ್ರಕಾರ ಸಹಿ ಇಲ್ಲದ ಕಾರಣ ಆ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಹಾಗಾಗಿ ಆಗಾಗ ಒಂದು ಸುಳ್ಳು ಅಲರ್ಟ್ ಹುಟ್ಟಿಸಿ, ಅದು ಫೋನಿನವರೆಗೆ ಬರುತ್ತದೆಯೇ ನೋಡಿ. ಆನ್‌ಕಾಲ್ ಪಾಳಿ ಬದಲಾಗುವ ದಿನ ಮಧ್ಯಾಹ್ನ ಮಾಡುವುದು ಅನುಕೂಲ.

ಅಲರ್ಟ್ ವ್ಯವಸ್ಥೆಯೇ ಸತ್ತರೆ? ಅದಕ್ಕೆ ಸದಾ ಉರಿಯುವ ಒಂದು ಅಲರ್ಟ್ ಇಡುತ್ತಾರೆ, ಸಾಮಾನ್ಯವಾಗಿ ‘ವಾಚ್‌ಡಾಗ್’ ಅಂತ ಹೆಸರು. ಅದನ್ನು ಹೆಲ್ತ್‌ಚೆಕ್ಸ್‌ನಂಥ ಹೊರಗಿನ ಸೇವೆಗೆ ಕಳಿಸುತ್ತಿರಿ. ಅದು ಬರುವುದು ನಿಂತರೆ ಆ ಸೇವೆ ನಿಮಗೆ ಫೋನ್ ಮಾಡುತ್ತದೆ. ‘ಹೊರಗಿನ’ ಅನ್ನೋದು ಮುಖ್ಯ. 2021ರ ಜನವರಿ 4ರಂದು ಚಾಟ್ ಸೇವೆ ಸ್ಲ್ಯಾಕ್ ಬಿದ್ದಾಗ, ಕೆಟ್ಟಿದ್ದ ನೆಟ್‌ವರ್ಕ್‌ನ ಮೇಲೇ ಅವರ ಡ್ಯಾಶ್‌ಬೋರ್ಡ್ ಹಾಗೂ ಅಲರ್ಟ್ ಸೇವೆಯೂ ನಿಂತಿದ್ದರಿಂದ ಅವೂ ಕೈಕೊಟ್ಟವು. ಅದೇ ವರ್ಷ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಮಾಯವಾದಾಗ ಒಳಗಿನ ಟೂಲ್‌ಗಳೂ ಜೊತೆಗೇ ಮಾಯವಾಗಿದ್ದವು. ನಿಮ್ಮ ಆನ್‌ಕಾಲ್ ಫೋನ್ ನಂಬರುಗಳ ಪಟ್ಟಿ ಕಂಪನಿಯ ವಿಕಿಯಲ್ಲಿ ಮಾತ್ರ ಇದೆಯೇ? ಒಂದು ಪ್ರತಿ ಹೊರಗೂ ಇರಲಿ.

ಅಲರ್ಟ್‌ಮ್ಯಾನೇಜರ್ ಎರಡು ಮೂರು ಇಟ್ಟಿದ್ದರೆ ಪ್ರೊಮಿಥಿಯಸ್ ಅವೆಲ್ಲಕ್ಕೂ ನೇರವಾಗಿ ಕಳಿಸಬೇಕು, ನಡುವೆ ಲೋಡ್ ಬ್ಯಾಲೆನ್ಸರ್ (ಪ್ರತಿಸಲ ಯಾವುದೋ ಒಂದಕ್ಕೆ ಮಾತ್ರ ದಾಟಿಸುವಂಥದ್ದು) ಹಾಕಬಾರದು. ಒಂದೇ ಸೂಚನೆ ಎರಡು ಸಲ ಹೋಗದಂತೆ ಅವೇ ಮಾತಾಡಿಕೊಳ್ಳುತ್ತವೆ.

ಟೀಮ್‌ಗಳು ಬದಲಾದಾಗ

ಇದೆಲ್ಲ ಕೆಡುವುದು ಸಾಮಾನ್ಯವಾಗಿ ಕಂಪನಿಯಲ್ಲಿ ಟೀಮ್‌ಗಳನ್ನು ಒಡೆದು ಸೇರಿಸುವಾಗ. ಪೇಮೆಂಟ್ ಟೀಮ್ ಒಡೆದು ‘ಚೆಕೌಟ್’ ಮತ್ತು ‘ರೀಫಂಡ್’ ಆಯಿತು ಅನ್ನಿ. ಮೊದಲು ಶೀಟ್ ತಿದ್ದಿ. ಆಮೇಲೆ ರೂಟಿಂಗ್ ಮರದಲ್ಲಿ ಹೊಸ ಎರಡು ಕವಲು ಸೇರಿಸಿ, ಹಳೇ ಪೇಮೆಂಟ್ ಕವಲನ್ನು ಅಳಿಸಬೇಡಿ, ಅದನ್ನು ತಾತ್ಕಾಲಿಕವಾಗಿ ಚೆಕೌಟ್‌ನ ಆನ್‌ಕಾಲ್‌ಗೆ ತಿರುಗಿಸಿ. ಕೊನೆಗೆ ರೂಲುಗಳ ಲೇಬಲ್ ಒಂದೊಂದಾಗಿ ಬದಲಿಸಿ. ಈ ಕ್ರಮ ಉಲ್ಟಾ ಮಾಡಿದರೆ ನಡುವಿನ ದಿನಗಳಲ್ಲಿ ಹೊಸ ಹೆಸರಿನ ಅಲರ್ಟುಗಳೆಲ್ಲ ಪ್ಲಾಟ್‌ಫಾರ್ಮ್‌ನವರ ಫೋನಿಗೆ ಬೀಳುತ್ತವೆ. ರೂಲುಗಳಲ್ಲಿ ಹಳೇ ಹೆಸರು ಎಲ್ಲೂ ಉಳಿದಿಲ್ಲ ಅಂತ ಹುಡುಕಿ ನೋಡಿ, ಖಾತ್ರಿಯಾದ ಮೇಲೆ ಆ ಕವಲು ಅಳಿಸಿ.